ಟ್ಯೂನಿಸಿನ ಗಡಿಯಾರ

"ಮೌಸಿನ ಮೇಲಿಂದ ಕೈ ತೆಗೀರಿ ಲಲ್ಲಾ!"

ಬತೂಲ್ ಕೂಗಿದ ರಭಸಕ್ಕೆ ಹೊಲಿಗೆ ಅಂಗಡಿಯ ಯಜಮಾನಿ ಲಲ್ಲಾ ಶಾಮಾ ಕಾದ ಬಾಣಲೆ ಮುಟ್ಟಿದವಳಂತೆ ಕೈ ಎಳೆದುಕೊಂಡಳು.

"ನಾನೇನು ಮಾಡಿದೆ ಈಗ? ಅದು ಏನೋ ಕೇಳ್ತಿತ್ತು. ಹೂಂ ಅನ್ನೋಕೆ ಹೋದೆ."

"ಏನು ಕೇಳ್ತಿತ್ತು ಅಂತ ಓದಿದ್ರಾ?"

"ಓದ್ತಾ ಕೂತ್ರೆ ಕಫ್ತಾನು ಹೊಲಿಯೋರು ಯಾರು? ಯಂತ್ರ ಏನು ಕೇಳಿದ್ರೂ ಹೂಂ ಅಂದುಬಿಡ್ತೀನಿ. ಇಲ್ಲಾಂದ್ರೆ ಮುಂದಕ್ಕೇ ಹೋಗಲ್ಲ ಅದು, ಮೊಂಡು ಕತ್ತೆ."

ಬ್ರೌಸರಿನ ಹಳೆಯ ದಾಖಲೆಗಳನ್ನೆಲ್ಲ ಅಳಿಸಿಬಿಡಲೇ ಎಂದು ಯಂತ್ರ ಕೇಳಿತ್ತು. ಇನ್ನೊಂದು ಸಲ ಒತ್ತಿದ್ದರೆ ಸಾಕ್ಷಿಯಲ್ಲಿ ಅರ್ಧ ಗಾಳಿಗೆ ಹೋಗುತ್ತಿತ್ತು. ಬತೂಲ್ ಬೇಡವೆಂದು ಒತ್ತಿ, ಕುರ್ಚಿ ಎಳೆದುಕೊಂಡು ತಾನೇ ಕೂತಳು.

ಪರದೆಯ ಮೂಲೆಯಲ್ಲಿ ಒಂದರ ಹಿಂದೊಂದು ಚೀಟಿಗಳು ಹಾರುತ್ತಿದ್ದವು. ರವೆಯ ಸಿಹಿ ಮಾಡುವ ಬಗೆ, ಕೂದಲು ಬೆಳೆಸುವ ಎಣ್ಣೆ, ಯಾವುದೋ ಮದುವೆ ಹಾಲಿನ ಜಾಹೀರಾತು. ಕೆಲಸದ ನಡುವೆ ಇವುಗಳ ಕಾಟ ಬೇರೆ.

"ಇವರೆಲ್ಲ ನಿಮ್ಮ ನೆಂಟರಾ?"

"ಅಯ್ಯೋ, ಅದೊಂದು ಪೀಡೆ ಉಸ್ತಾದಾ. ಬರಬೇಡಿ ಅಂದ್ರೂ ಬರ್ತಾವೆ."

"ಬನ್ನಿ ಅಂತ ಕರೆದಿದ್ದು ನೀವೇ. ಹೂಂ ಅಂದಿದ್ದೀರಲ್ಲ. ಇಲ್ನೋಡಿ, ಬ್ರೌಸರಿನ ಸೆಟ್ಟಿಂಗ್ಸು. ಅದರೊಳಗೆ ನೋಟಿಫಿಕೇಶನ್ನು. ಯಾರ್ಯಾರಿಗೆ ಬಾಗಿಲು ತೆಗೆದಿದ್ದೀರೋ ಅವರ ಹೆಸರೆಲ್ಲ ಇಲ್ಲಿದೆ. ಒಬ್ಬೊಬ್ಬರನ್ನೇ ಹೊರಗೆ ಹಾಕಿದ್ರೆ ಆಯ್ತು."

ಮೂಲೆ ತಣ್ಣಗಾಯಿತು. ಶಾಮಾ ಬಾಯಿ ತೆರೆದುಕೊಂಡು ನೋಡಿದಳು. ಪೊಲೀಸ್ ಇಲಾಖೆಯ ಕಂಪ್ಯೂಟರ್ ವಿಭಾಗದಿಂದ ಹೊರಬಂದ ಮೇಲೆ ಬತೂಲ್ ವಾರಪತ್ರಿಕೆಯೊಂದರಲ್ಲಿ ಇಂಥವನ್ನೇ ಬರೆದು ಕಾಸಾಬ್ಲಾಂಕಾದ ಮನೆಮನೆಗೂ ಉಸ್ತಾದಾ, ಅಂದರೆ ಟೀಚರಮ್ಮ, ಆಗಿದ್ದಳು. ನಡುವೆ ಇಂಥ ಪತ್ತೆ ಕೆಲಸ ಬಂದರೆ ಬೇಡವೆನ್ನುತ್ತಿರಲಿಲ್ಲ. ಬೇಡವೆನ್ನುವ ಜಾಯಮಾನವೇ ಅವಳದಲ್ಲ.

ಈ ಸಲದ ಕೆಲಸಕ್ಕೆ ಮಾತ್ರ ಹೊತ್ತು ಕಡಿಮೆ. ಈದ್ ಹಬ್ಬಕ್ಕೆಂದು ಶಾಮಾ ಗುಟ್ಟಾಗಿ ಬರೆಸಿಟ್ಟಿದ್ದ ಕಫ್ತಾನುಗಳ ಚಿತ್ರಗಳು ಈ ಯಂತ್ರದಿಂದಲೇ ಮೇಲ್‌ನಲ್ಲಿ ಹೊರಗೆ ಹೋಗಿ, ಎದುರು ಬೀದಿಯ ಹಾಜ್ ಸೆಬ್ತಿಯ ಅಂಗಡಿಯ ಗಾಜಿನ ಹಿಂದೆ ಬಟ್ಟೆಯಾಗಿ ನಿಂತಿದ್ದವು. ಮೇಲ್ ಹೋದದ್ದು ನಾಲ್ಕೂ ಮುಕ್ಕಾಲಿಗೆ ಎಂದು ಯಂತ್ರವೇ ಹೇಳುತ್ತಿತ್ತು. ರಮದಾನಿನಲ್ಲಿ ಅಂಗಡಿ ನಾಲ್ಕಕ್ಕೇ ಬಾಗಿಲು ಹಾಕುತ್ತದೆ. ಆಮೇಲೆ ಒಳಗೆ ಉಳಿಯುವವನು ಬಟ್ಟೆ ಕತ್ತರಿಸುವ ಜವಾದ್ ಒಬ್ಬನೇ.

ಶಾಮಾ ದೂರು ಕೊಟ್ಟಾಗಿತ್ತು. ಇನ್‌ಸ್ಪೆಕ್ಟರ್ ಹಮ್ಮೂ ಅವಳ ಊರಿನ ಕಡೆಯವನು. ಉಪವಾಸ ಬಿಡುವ ಹೊತ್ತಿಗೆ ಬಂದು, ಇವರ ಜೊತೆಯೇ ಒಂದು ಬಟ್ಟಲು ಹರೀರಾ ಸೂಪು ಕುಡಿದು, ಹೋಗುವಾಗ ಜವಾದ್‌ನನ್ನು ಕರೆದುಕೊಂಡು ಹೋಗುತ್ತೇನೆ ಎಂದಿದ್ದ. ಅಷ್ಟರೊಳಗೆ ಬತೂಲ್ ಏನಾದರೂ ಹೇಳಿದರೆ ಉಂಟು.

ಜವಾದ್ ಆ ತುದಿಯ ಕತ್ತರಿ ಮೇಜಿನ ಹತ್ತಿರ ಕೂತಿದ್ದ. ಮಡಿಸಿದ ರೇಷ್ಮೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದ. ಎತ್ತರದ ಆಳು, ಈಗ ಕುಗ್ಗಿ ಅರ್ಧವಾಗಿದ್ದ.

ಬತೂಲ್ ಮನೆಗೆ ನಿನ್ನೆ ಓಡಿ ಬಂದವಳು ಶಾಮಾ ಅಲ್ಲ, ಅವಳ ಮಗಳು ಇಬ್ತಿಸಾಮ್. "ಅವನು ಕಳ್ಳ ಅಲ್ಲ ಉಸ್ತಾದಾ. ನನಗೆ ಗೊತ್ತು. ಹೆಂಗಾದ್ರೂ ಮಾಡಿ ಅವನನ್ನ ಬಿಡಿಸಿ," ಎಂದು ಕೈ ಹಿಡಿದು ಅತ್ತಿದ್ದಳು. ಈಗ ಮೇಲಿನ ಮಹಡಿಯಲ್ಲಿ ಸೌಟು ಆಡಿಸುತ್ತಿದ್ದಳು. ಕೊತ್ತಂಬರಿಯ ವಾಸನೆ ಮೆಟ್ಟಿಲಿಳಿದು ಬಂದು ಉಪವಾಸದ ಹೊಟ್ಟೆಗಳನ್ನು ಕೆಣಕುತ್ತಿತ್ತು.

ಬತೂಲ್ ಮತ್ತೆ ಪರದೆಯ ಕಡೆ ತಿರುಗಿದಳು. ಮೂಲೆಯಲ್ಲಿ ಹಾರುವ ಚೀಟಿಗಳು ಹೋದ ಮೇಲೆ ಅವುಗಳ ಕೆಳಗೆ ಅಡಗಿದ್ದ ಪುಟ್ಟ ಗಡಿಯಾರ ಕಣ್ಣಿಗೆ ಬಿತ್ತು. ಆರೂವರೆ.

ಅವಳು ಗೋಡೆ ನೋಡಿದಳು. ಗೋಡೆ ಗಡಿಯಾರದಲ್ಲಿ ಐದೂವರೆ.

"ಲಲ್ಲಾ, ಆ ಗೋಡೆ ಗಡಿಯಾರ ಸರಿಯಾಗಿದೆಯಾ?"

"ಸರಿಯಾಗೇ ಇದೆ. ರಮದಾನ್ ಶುರುವಾಗೋ ಮುಂಚೆ ಸ್ಟೂಲ್ ಹತ್ತಿ ನಾನೇ ಹಳೇ ಹೊತ್ತಿಗೆ ತಿರುಗಿಸಿದೆ."

ಉಪವಾಸದ ತಿಂಗಳು ಬಂದರೆ ದೇಶಕ್ಕೆ ದೇಶವೇ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ. ಅದು ಹಳೇ ಹೊತ್ತು. ಹಬ್ಬ ಮುಗಿದರೆ ಮತ್ತೆ ಹೊಸ ಹೊತ್ತು. ಯಾರಾದರೂ ಐದಕ್ಕೆ ಬನ್ನಿ ಎಂದರೆ 'ಹಳೇದೋ ಹೊಸದೋ' ಎಂದು ಕೇಳದೆ ಹೊರಡುವ ದಡ್ಡರು ಈ ಊರಲ್ಲಿ ಇಲ್ಲ. ಆದರೆ ಯಂತ್ರವನ್ನು ಆ ಪ್ರಶ್ನೆ ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಈ ಯಂತ್ರಕ್ಕೆ ಹೊತ್ತು ಇಟ್ಟವರು ಯಾರು?"

ಶಾಮಾಳ ಮುಖ ಕೆಂಪಾಯಿತು. "ಅದೊಂದು ಮಾನ ಹೋದ ಕಥೆ ಬಿಡಿ."

"ಹೇಳಿ. ಮಾನ ಆಮೇಲೆ ನೋಡ್ಕೊಳ್ಳೋಣ."

"ಹೋದ ವರ್ಷ ಈ ಮಹರಾಯ ತಾನಾಗೇ ಹೊತ್ತು ಬದಲಾಯಿಸಿಕೊಂಡ. ಅದೇನು ಲೆಕ್ಕ ತಪ್ಪಿದನೋ, ಒಂದು ಗಂಟೆ ಮುಂಚೆನೇ ಅಜಾನ್ ಕೂಗಿಬಿಟ್ಟ. ನೆಲಮಾಳಿಗೆ, ಕಿಟಕಿ ಇಲ್ಲ, ಸೂರ್ಯ ಇದ್ದಾನೋ ಮುಳುಗಿದನೋ ಯಾರಿಗೆ ಗೊತ್ತು? ಎಲ್ಲರೂ ಬಿಸ್ಮಿಲ್ಲಾ ಅಂತ ಖರ್ಜೂರ ಬಾಯಿಗೆ ಹಾಕ್ಕೊಂಡ್ವಿ. ಹೊರಗೆ ಹೋಗಿ ನೋಡಿದ್ರೆ ಕಣ್ಣು ಕುಕ್ಕೋ ಬಿಸಿಲು!"

ಬತೂಲ್ ನಗು ತಡೆಯಲು ತುಟಿ ಕಚ್ಚಿಕೊಂಡಳು.

"ನಗಬೇಡಿ ಉಸ್ತಾದಾ. ಇಡೀ ಅಂಗಡಿದು ಒಂದು ದಿನದ ಉಪವಾಸ ಮಣ್ಣುಪಾಲು. ಹಬ್ಬ ಆದ್ಮೇಲೆ ಎಲ್ಲರೂ ಅದನ್ನ ತೀರಿಸಿದ್ವಿ, ನನಗೆ ಶಾಪ ಹಾಕ್ಕೊಂಡು. ಅವತ್ತೇ ಇಬ್ತಿಸಾಮ್‌ಗೆ ಹೇಳಿದೆ, ಇನ್ನು ಈ ಯಂತ್ರ ನನ್ನ ಕೇಳದೆ ಹೊತ್ತು ಮುಟ್ಟಬಾರದು ಅಂತ. ಅವಳು ಏನೋ ಒತ್ತಿ ಸರಿ ಮಾಡಿದಳು."

ಬತೂಲ್ ದಿನಾಂಕ, ಸಮಯದ ಸೆಟ್ಟಿಂಗ್ಸ್ ತೆರೆದಳು. ತಾನಾಗಿ ಹೊತ್ತು ಹೊಂದಿಸಿಕೊಳ್ಳುವ ಗುಂಡಿ ಆರಿತ್ತು. ಅದರ ಕೆಳಗೆ ಊರಿನ ಹೆಸರು. ಕಾಸಾಬ್ಲಾಂಕಾ ಇರಲಿಲ್ಲ.

"ಲಲ್ಲಾ, ನಿಮ್ಮ ಯಂತ್ರ ಈ ಊರಲ್ಲೇ ಇಲ್ಲ. ಟ್ಯೂನಿಸಿನಲ್ಲಿ ಕೂತಿದೆ."

"ಏನಂದ್ರಿ?"

"ಟ್ಯೂನಿಸಿನವರು ರಮದಾನ್ ಬರಲಿ ಬಿಡಲಿ, ಗಡಿಯಾರದ ತಂಟೆಗೆ ಹೋಗಲ್ಲ. ಅವರ ಹೊತ್ತು ವರ್ಷವಿಡೀ ಒಂದೇ. ಜಾಣೆ ನಿಮ್ಮ ಮಗಳು, ಅದಕ್ಕೇ ಆ ಊರು ಆರಿಸಿಟ್ಟಿದ್ದಾಳೆ. ಇನ್ನು ಈ ಯಂತ್ರ ಯಾವತ್ತೂ ಹಿಂದೆ ಮುಂದೆ ಹೋಗಲ್ಲ. ಊರೆಲ್ಲ ಹಿಂದಕ್ಕೆ ಹೋದ್ರೂ ಇದು ಮಾತ್ರ ಒಂದು ಗಂಟೆ ಮುಂದೆನೇ ನಿಂತಿರುತ್ತೆ."

ಶಾಮಾ ಇನ್ನೂ ಕಣ್ಣು ಪಿಳಿಪಿಳಿ ಬಿಡುತ್ತಿದ್ದಳು. ಬಾಯಿಮಾತಿಗಿಂತ ಕಣ್ಣಾರೆ ಕಂಡರೆ ಮೇಲೆಂದು ಬತೂಲ್ ಆ ಯಂತ್ರದಿಂದ ತನಗೇ ಒಂದು ಮೇಲ್ ಕಳಿಸಿಕೊಂಡಳು. ಚೀಲದಲ್ಲಿ ಅವಳ ಫೋನು ಟಿಣ್ ಎಂದಿತು. ಎರಡನ್ನೂ ಪಕ್ಕಪಕ್ಕ ಹಿಡಿದಳು. ಒಂದೇ ಮೇಲ್. ಯಂತ್ರದಲ್ಲಿ ಆರೂವರೆ ದಾಟಿ, ಫೋನಿನಲ್ಲಿ ಐದೂವರೆ ದಾಟಿ.

"ಈಗ ಹೇಳಿ. ಚಿತ್ರಗಳು ಹೋದಾಗ ನಾಲ್ಕೂ ಮುಕ್ಕಾಲು ಅಂತ ಯಂತ್ರ ಹೇಳ್ತು. ಊರಿನ ಹೊತ್ತಲ್ಲಿ ಅದು ಎಷ್ಟು?"

ಶಾಮಾ ಬೆರಳು ಮಡಿಸಿದಳು. "ಮೂರೂ ಮುಕ್ಕಾಲು."

"ಮೂರೂ ಮುಕ್ಕಾಲಿಗೆ ಜವಾದ್ ಎಲ್ಲಿರ್ತಾನೆ?"

ದಿನಾ ಆ ಹೊತ್ತಿಗೆ ಅವನನ್ನು ರೇಷ್ಮೆ ಗುಂಡಿ ಕಟ್ಟುವ ಹೆಂಗಸರ ಮನೆಗೆ ಕಳಿಸುವವಳು ಶಾಮಾಳೇ. ಗುಂಡಿಯ ಸರ ಹೆಗಲಿಗೆ ಹಾಕಿಕೊಂಡು ಅವನು ವಾಪಸ್ಸು ಬರುವುದು ಬಾಗಿಲು ಹಾಕುವ ಹೊತ್ತಿಗೆ. ಅವತ್ತೂ ಹಾಗೇ ಬಂದಿದ್ದ. ಗುಂಡಿ ಎಣಿಸಿಕೊಂಡವಳೂ ಅವಳೇ.

"ಯಾ ರಬ್ಬಿ!" ಶಾಮಾ ತಲೆ ಮೇಲೆ ಕೈ ಹೊತ್ತಳು. "ಅವನಲ್ಲ! ಅವನು ಇಲ್ಲಿ ಇರಲೇ ಇಲ್ಲ! ನಾನು ಎಂಥ ಪಾಪಿ, ಊರೆಲ್ಲ ಅವನ ಹೆಸರು ಹಾಳು ಮಾಡಿದೆನಲ್ಲ. ಜವಾದ್! ಬಾ ಇಲ್ಲಿ ಮಗನೇ!"

ಜವಾದ್ ಎದ್ದು ಬಂದ. ಅವನ ಮುಖದಲ್ಲಿ ಸಂತೋಷ ಕಾಣುತ್ತದೆಂದು ಬತೂಲ್ ಕಾದಳು. ಗಲ್ಲಿಗೆ ಹೋಗುವವನಿಗೂ ಬಿಡುಗಡೆ ಎಂದರೆ ಮುಖ ಅರಳುತ್ತದೆ. ಇವನದು ಇನ್ನಷ್ಟು ಬಿಳುಚಿಕೊಂಡಿತು.

"ಲಲ್ಲಾ, ನಾನೇ ಕಳಿಸಿದ್ದು," ಎಂದ.

"ಏನೋ ಬೊಗಳ್ತಿದ್ದೀಯ? ಗುಂಡಿ ತರೋಕೆ ಹೋಗಿದ್ದೆ ನೀನು!"

"ಮಧ್ಯೆ ವಾಪಸ್ಸು ಬಂದಿದ್ದೆ. ಯಾರೂ ನೋಡಲಿಲ್ಲ. ಕಳಿಸಿ ಮತ್ತೆ ಹೋದೆ. ಇನ್‌ಸ್ಪೆಕ್ಟರ್ ಬಂದ್ರೆ ಹಾಗೇ ಹೇಳ್ತೀನಿ."

ಶಾಮಾ ಕುಸಿದು ಬಟ್ಟೆಯ ಮೂಟೆ ಮೇಲೆ ಕೂತಳು. ಬತೂಲ್ ಮಾತ್ರ ಎದ್ದು ನಿಂತು ತನ್ನ ಕುರ್ಚಿಯನ್ನು ಅವನ ಕಡೆ ತಳ್ಳಿದಳು.

"ಸರಿ ಬಿಡಪ್ಪ, ಒಪ್ಪಿಕೊಂಡೆ ಅಂದ್ಮೇಲೆ ನನ್ನ ಕೆಲಸ ಹಗುರಾಯ್ತು. ಕೂತ್ಕೋ. ಹೇಗೆ ಕಳಿಸಿದೆ ಅಂತ ಒಂದು ಸಲ ಮಾಡಿ ತೋರಿಸು."

"ಈಗ್ಯಾಕೆ?"

"ಇನ್‌ಸ್ಪೆಕ್ಟರ್ ಇದನ್ನೇ ಕೇಳೋದು. ನಾನೂ ಆ ಕುರ್ಚಿಯಲ್ಲಿ ಕೂತು ಬಂದವಳೇ. ತೋರಿಸು."

ಜವಾದ್ ಕೂತ. ಬೆವರಿದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮೌಸ್ ಹಿಡಿದ. ಮೇಲ್ ತೆರೆಯಿತು. ಬಾಣದ ಗುರುತು ಸರ್ರನೆ ಪರದೆಯ ಎಡ ಮೂಲೆಗೆ ಓಡಿ ಗಕ್ಕನೆ ನಿಂತಿತು. ಅಲ್ಲಿ ಏನೂ ಇರಲಿಲ್ಲ. ಕೆಳಗಿಳಿಯಿತು, ಮತ್ತೆ ಹತ್ತಿತು, ಕಾಣೆಯಾದ ಮೇಕೆ ಹುಡುಕುವವನಂತೆ ಎಡಬದಿಯನ್ನೆಲ್ಲ ಸುತ್ತಿತು.

"ಹೊಸ ಮೇಲ್ ಬರೆಯೋ ಗುಂಡಿ ಹುಡುಕ್ತಿದ್ದೀಯಾ?"

"ಇಲ್ಲೇ ಇರುತ್ತಲ್ಲ..."

"ಸೈಬರ್ ಅಂಗಡಿಯಲ್ಲಿ ಇರುತ್ತೆ. ಅಲ್ಲಿಯದು ಫ್ರೆಂಚಿನಲ್ಲಿದೆ ತಾನೆ? ಈ ಬ್ರೌಸರಿಗೆ ಅರಬ್ಬಿ ಹಾಕಿದ್ದಾರೆ. ಅರಬ್ಬಿ ಹಾಕಿದ್ರೆ ಮನೆಗೆ ಮನೆಯೇ ತಿರುಗಿ ನಿಲ್ಲುತ್ತೆ ಮಗಾ. ಎಡಗಡೆ ಇದ್ದದ್ದೆಲ್ಲ ಬಲಗಡೆ. ಹಿಂದಕ್ಕೆ ಹೋಗೋ ಬಾಣವೂ ಆ ಕಡೆ. ಇದರಲ್ಲಿ ಒಂದೇ ಒಂದು ಸಲ ಮೇಲ್ ಕಳಿಸಿದ್ರೂ ಕೈ ತಾನಾಗಿ ಬಲಕ್ಕೆ ಹೋಗ್ತಿತ್ತು. ನಿನ್ನ ಕೈಗೆ ಈ ಮನೆ ಬಾಗಿಲೇ ಗೊತ್ತಿಲ್ಲ."

ಜವಾದ್ ಮೌಸ್ ಬಿಟ್ಟ. ಅವನ ಕಿವಿ ಕೆಂಪೇರಿತ್ತು.

"ಸುಳ್ಳು ಹೇಳೋಕೂ ಅಭ್ಯಾಸ ಬೇಕು," ಎಂದಳು ಬತೂಲ್, ದನಿ ಮೆತ್ತಗೆ ಮಾಡಿ. ಅವನ ಮೇಲೆ ಅವಳಿಗೆ ಅಕ್ಕರೆ ಉಕ್ಕಿತ್ತು. "ಯಾರನ್ನ ಉಳಿಸೋಕೆ ಹೊರಟಿದ್ದೀಯ?"

"ಯಾರನ್ನೂ ಇಲ್ಲ."

"ಹಾಗಾದ್ರೆ ಇನ್ನೊಂದು ಹೇಳು. ಇದರ ಅಕ್ಷರ ಹೆಬ್ಬೆರಳಿನಷ್ಟು ದಪ್ಪ ಇದೆ. ಕಣ್ಣು ಮಂದ ಆದವರಿಗೆ ಅಂತಲೇ ದೊಡ್ಡದು ಮಾಡಿಸಿದ್ದಾರೆ. ನಿನ್ನ ಕಣ್ಣು ಚೆನ್ನಾಗಿದೆ, ಲಲ್ಲಾ ಓದೋದೇ ಇಲ್ಲ. ಈ ಅಂಗಡಿಯಲ್ಲಿ ಇಷ್ಟು ದಪ್ಪ ಅಕ್ಷರ ಬೇಕಾದವರು ಯಾರು?"

"ಉಸ್ತಾದಾ, ಕೈ ಮುಗಿತೀನಿ, ಬೇಡ."

ಶಾಮಾ ಮೆಲ್ಲಗೆ ತಲೆ ಎತ್ತಿದಳು. ದಿನಾ ಮಧ್ಯಾಹ್ನ ಕೈ ಸೋತಾಗ ಆ ಕುರ್ಚಿಯಲ್ಲಿ ಕೂತು ಹಳೆಯ ಹಾಡು ಕೇಳುವವರು ಒಬ್ಬರೇ. ಅವರ ಸಲುವಾಗಿಯೇ ಇಬ್ತಿಸಾಮ್ ರಮದಾನಿಗೆ ಮುಂಚೆ ಅರಬ್ಬಿ ಹಾಕಿ, ಅಕ್ಷರ ದೊಡ್ಡದು ಮಾಡಿ, ಚಿತ್ರ ಕಳಿಸುವುದನ್ನೂ ಹೇಳಿಕೊಟ್ಟಿದ್ದಳು.

"ಮಾಲೆಮ್ ಬೂಶ್ತಾ," ಎಂದಳು ಶಾಮಾ. ಅವಳ ದನಿ ಅವಳಿಗೇ ಕೇಳಿಸಿತೋ ಇಲ್ಲವೋ.

ಜವಾದ್ ಮುಖ ಮುಚ್ಚಿಕೊಂಡ. ಮಾಲೆಮ್ ಎಂದರೆ ಕಸುಬಿನ ಗುರು; ಅವನಿಗೆ ಮೊದಲ ಸಲ ಕೈಗೆ ಕತ್ತರಿ ಕೊಟ್ಟವರು ಬೂಶ್ತಾ. ಶಾಮಾಳಿಗೆ ಸೂಜಿ ಹಿಡಿಯಲು ಕಲಿಸಿದವರೂ ಅವರೇ. ಮಾಲೆಮ್ ಹಾಕಿದ ಹೊಲಿಗೆ ಎಲ್ಲಾದರೂ ಸೊಟ್ಟಗಾದರೆ 'ನನ್ನ ಕೈ ತಪ್ಪಿತು' ಎಂದು ಗಿರಾಕಿಯ ಮುಂದೆ ಹೇಳಿ ಶಿಷ್ಯನೇ ಬಿಚ್ಚಿ ಹೊಲಿಯುವುದು ಈ ಕಸುಬಿನ ರೂಢಿ. ಜವಾದ್ ಅದನ್ನು ಬಟ್ಟೆಯಾಚೆಗೂ ಎಳೆದು ತಂದಿದ್ದ.

"ಗುಂಡಿ ತಂದಾಗ ನೋಡಿದೆ," ಎಂದ ಅವನು, ಬೆರಳಿನ ಸಂದಿಯಿಂದ. "ಪರದೆ ತೆರೆದೇ ಇತ್ತು. ಚಿತ್ರ ಹೋಗಿತ್ತು. ಮಾಲೆಮ್ ಕನ್ನಡಕ ಪಕ್ಕದಲ್ಲೇ ಬಿಟ್ಟು ಮನೆಗೆ ಹೋಗಿದ್ರು. ನಾನು ಎಲ್ಲ ಮುಚ್ಚಿ ಸುಮ್ಮನಾದೆ. ಸೆಬ್ತಿ ಅಂಗಡೀಲಿ ಬಟ್ಟೆ ನೋಡಿದ್ಮೇಲೆ ಅರ್ಥ ಆಯ್ತು. ಈ ವಯಸ್ಸಲ್ಲಿ ಅವರು ಜೈಲಲ್ಲಿ ಕೂರಬೇಕಾ? ನಾನಾದ್ರೆ ಗಟ್ಟಿ ಇದ್ದೀನಿ."

"ಅದಕ್ಕೇ ಮಾಲೆಮ್‌ಗೆ ಏನೂ ಹೇಳಬೇಡಿ, ಎದೆ ಒಡ್ಕೋತಾರೆ ಅಂತ ನನ್ನ ಕಾಲು ಹಿಡಿದೆಯಾ?" ಶಾಮಾ ಅಳುತ್ತಲೇ ಗದರಿದಳು.

ಮೆಟ್ಟಿಲಿನ ಮೇಲೆ ಕೋಲಿನ ಸದ್ದಾಯಿತು.

ಮಾಲೆಮ್ ಬೂಶ್ತಾ ಒಂದೊಂದೇ ಮೆಟ್ಟಿಲಿಳಿದು ಬಂದರು. ಕಂಕುಳಲ್ಲಿ ಬಟ್ಟೆ ಸುತ್ತಿದ ಬಿಸಿ ರೊಟ್ಟಿ. ಮಂಡಿ ನೋವೆಂದು ಹೇಳಿ ಕಳಿಸಿ, ಮೇಲ್ ಹೋದ ಮಾರನೆಯ ದಿನದಿಂದ ಅಂಗಡಿಯ ಕಡೆ ತಲೆ ಹಾಕಿರಲಿಲ್ಲ. ಇವತ್ತು ಇಬ್ತಿಸಾಮ್ ಫೋನ್ ಮಾಡಿ ಉಪವಾಸ ಬಿಡಲು ಕರೆದಿದ್ದಳಂತೆ.

"ಏನಿದು, ಸಾವಿನ ಮನೆ ಥರ ಕೂತಿದ್ದೀರಿ? ಯಾರು ಹೋದ್ರು?"

ಬತೂಲ್ ಮುಂದೆ ಬಂದು ಸಲಾಂ ಹೇಳಿ, ಸುತ್ತಿ ಬಳಸದೆ ಕೇಳಿದಳು. "ಮಾಲೆಮ್, ಹಬ್ಬದ ಚಿತ್ರಗಳನ್ನ ಈ ಯಂತ್ರದಿಂದ ಹೊರಗೆ ಕಳಿಸಿದ್ದು ನೀವಾ?"

"ಹೌದು, ನಾನೇ. ಅದಕ್ಕೇನೀಗ?"

"ಮಾಲೆಮ್!" ಜವಾದ್ ಚೀರಿದ.

"ಯಾಕೋ ಕಿರುಚ್ತೀಯ ಕತ್ತೆ? ಕಳಿಸು ಅಂದ್ರು, ಕಳಿಸಿದೆ. ಇದರಲ್ಲಿ ಮುಚ್ಚಿಡೋದೇನಿದೆ?" ಮುದುಕ ರೊಟ್ಟಿಯನ್ನು ಮೇಜಿನ ಮೇಲಿಟ್ಟು ಶಾಮಾಳ ಕಡೆ ತಿರುಗಿದರು. ಕಣ್ಣಲ್ಲಿ ಸಿಟ್ಟಿಗಿಂತ ನೋವಿತ್ತು. "ಹೇಳಿದವಳು ನೀನೇ ಅಲ್ವೇನಮ್ಮ?"

"ನಾನಾ? ನಾನು ಯಾವಾಗ ಹೇಳಿದೆ?"

"ಫೋನಲ್ಲಿ ಹೇಳಿ ಕಳಿಸಿದ್ದೆಯಲ್ಲ. ಇಟ್ಕೊಂಡಿದ್ದೀನಿ. ಕೇಳು ಬೇಕಾದ್ರೆ."

ಅವರು ಜೇಬಿನಿಂದ ಫೋನು ತೆಗೆದು ಬತೂಲ್ ಕೈಗೆ ಕೊಟ್ಟರು. ಶಾಮಾಳ ನಂಬರಿನಿಂದಲೇ ಬಂದ ದನಿಯ ಮೆಸೇಜು. ಬತೂಲ್ ಒತ್ತಿದಳು. ನೆಲಮಾಳಿಗೆಯಲ್ಲಿ ಶಾಮಾಳ ದನಿ ಗಟ್ಟಿಯಾಗಿ ಕೇಳಿಸಿತು.

"ಬೂಶ್ತಾ, ನಾನು ಶಾಮಾ. ಹಬ್ಬದ ಕಫ್ತಾನಿನ ಚಿತ್ರಗಳನ್ನೆಲ್ಲ ಕೆಳಗಿರೋ ವಿಳಾಸಕ್ಕೆ ಈಗಲೇ ಕಳಿಸು. ಹೊಸ ಫೋಟೋದವರು ಕೇಳ್ತಿದ್ದಾರೆ. ತಡ ಮಾಡಬೇಡ."

ಅದೇ ಒಡಕು, ಅದೇ ಅವಸರ, ಮಾತಿನ ಕೊನೆಯಲ್ಲಿ ಎಳೆಯುವ ಅದೇ ರಾಗ. ಜವಾದ್ ಶಾಮಾಳನ್ನೇ ದಿಟ್ಟಿಸಿದ.

"ದನಿ ನನ್ನದೇ," ಎಂದಳು ಶಾಮಾ, ತನ್ನ ಗಂಟಲನ್ನೇ ಮುಟ್ಟಿಕೊಂಡು. "ಆದ್ರೆ ವಲ್ಲಾಹಿ, ದೇವರಾಣೆ, ನಾನು ಹೇಳಿಲ್ಲ."

"ನಿಮ್ಮ ಫೋನ್ ಕೊಡಿ," ಎಂದಳು ಬತೂಲ್. ಆ ಫೋನಿನಲ್ಲಿ ಮೆಸೇಜು ಇರಲಿಲ್ಲ, ಯಾರೋ ಅಳಿಸಿದ್ದರು. ಅವಳು ಸೆಟ್ಟಿಂಗ್ಸಿಗೆ ಹೋಗಿ, ಜೋಡಿಸಿದ ಯಂತ್ರಗಳು ಎಂಬಲ್ಲಿ ಒತ್ತಿದಳು. "ನಿಮ್ಮ ಮೆಸೇಜುಗಳು ಇನ್ನೊಂದು ಕಂಪ್ಯೂಟರಿನಲ್ಲೂ ತೆರೆದುಕೊಂಡಿವೆ ಲಲ್ಲಾ. ಅಲ್ಲಿ ಕೂತವರು ನಿಮ್ಮ ಹೆಸರಲ್ಲಿ ಯಾರಿಗೆ ಏನು ಬೇಕಾದ್ರೂ ಕಳಿಸಬಹುದು. ಇದನ್ನ ಜೋಡಿಸಿದ್ದು ಯಾರು?"

"ನನಗೇನು ಗೊತ್ತು?"

"ಇನ್ನು ದನಿ. ನೀವು ಕಫ್ತಾನು ತೋರಿಸ್ತಾ ಮಾತಾಡಿರೋ ವಿಡಿಯೋ ಎಷ್ಟೋ ಇದಾವಲ್ಲ, ಅಂಗಡಿ ಪುಟದಲ್ಲಿ? ಅದರಲ್ಲಿ ಒಂದು ಸಾಕು. ನಾವು ಬರೆದುಕೊಟ್ಟ ಮಾತನ್ನ ನಿಮ್ಮ ದನಿಯಲ್ಲೇ ಹೇಳೋ ಆ್ಯಪುಗಳು ಈಗ ಫೋನಿನಲ್ಲೇ ಸಿಗ್ತಾವೆ."

ಮಾಲೆಮ್‌ಗೆ ಯಂತ್ರದ ಮಾತು ಅರ್ಧವೂ ತಲೆಗೆ ಹೋಗಲಿಲ್ಲ. ಆದರೆ ಒಂದು ಅರ್ಥವಾಯಿತು. "ಹಾಗಾದ್ರೆ ನೀನು ಹೇಳಿಲ್ವಾ?" ಎಂದರು. "ನಾನು ಮಂಡಿ ನೋವು ಅಂದಿದ್ದು ಸುಳ್ಳು ಶಾಮಾ. ಕಳಿಸು ಅಂದೆ, ಕಳಿಸಿದೆ. ಆದ್ರೆ ಮನೆಗೆ ಹೋಗಿ ಅನ್ನ ಸೇರಲಿಲ್ಲ. ಎಷ್ಟು ದೊಡ್ಡವಳಾದಳು ಈ ಹುಡುಗಿ, ನನ್ನನ್ನ ಬೂಶ್ತಾ ಅಂತ ಬರೀ ಹೆಸರು ಹಿಡಿದು ಕರೀತಾಳಲ್ಲ ಅಂತ."

ಶಾಮಾ ಎದ್ದು ಹೋಗಿ ಅವರ ಹೆಗಲಿಗೆ ಮುತ್ತಿಟ್ಟಳು. "ನನ್ನ ಜೀವಮಾನದಲ್ಲಿ ಯಾವತ್ತಾದ್ರೂ ನಿಮ್ಮನ್ನ ಮಾಲೆಮ್ ಅನ್ನದೆ ಕರೆದಿದ್ದೀನಾ? ನಾಲಿಗೆ ಬಿದ್ದುಹೋಗಲ್ವಾ?"

ಬತೂಲ್‌ಗೆ ಒಳಗೇನೋ ಬೆಳಗಿದಂತಾಯಿತು. ಇಬ್ಬರು ನಿರಪರಾಧಿಗಳು ಕಣ್ಣೆದುರು ನಿಂತಿದ್ದರು. ಇನ್‌ಸ್ಪೆಕ್ಟರಿಗೆ ಹೇಳಲು ಬೇಕಾದಷ್ಟು ಸಿಕ್ಕಿತ್ತು. ಈ ಕೆಲಸದಲ್ಲಿ ಇಂಥ ಗಳಿಗೆ ಅಪರೂಪ. ಇನ್ನು ಉಳಿದದ್ದು ಒಂದೇ ಎಳೆ.

"ಒಂದು ನೆನಪಿಡಿ. ಯಂತ್ರ ದನಿ ಕದೀಬಹುದು, ಮಾತು ಕದಿಯಲ್ಲ. ಬರೆದುಕೊಟ್ಟಷ್ಟೇ ಹೇಳುತ್ತೆ. ಇದನ್ನ ಬರೆದವರ ಬಾಯಲ್ಲಿ ಮಾಲೆಮ್ ಅನ್ನೋ ಮಾತು ಅಭ್ಯಾಸ ಇಲ್ಲ. ಯೋಚನೆ ಮಾಡಿ, ಇವರನ್ನ ಬರೀ ಹೆಸರಿಂದ ಕರೆಯೋರು ಯಾರಿದ್ದಾರೆ?"

"ನಮ್ಮ ಕಸುಬಲ್ಲಿ ಯಾರೂ ಇಲ್ಲ," ಎಂದ ಜವಾದ್. "ಸೆಬ್ತಿ ಕೂಡ ಮಾಲೆಮ್ ಅಂತಾನೇ ಅನ್ನೋದು."

"ನನ್ನ ಹೆಂಡತಿ ಕರೀತಿದ್ದಳು," ಎಂದರು ಮಾಲೆಮ್. "ಅವಳು ತೀರಿಕೊಂಡಳು. ಅವಳು ಬಿಟ್ರೆ..."

ಮಾತು ಅಲ್ಲಿಗೇ ನಿಂತಿತು. ಮೇಲಿನಿಂದ, ಮೆಟ್ಟಿಲ ಬಾಯಿಯಿಂದ, ನಗು ಬೆರೆತ ಹುಡುಗಿಯ ದನಿ ಕೇಳಿಸಿತು.

"ಬೂಶ್ತಾ! ನಿನ್ನ ಕೋಲಿನ ಸದ್ದು ಕೇಳಿಸ್ತು, ಬಂದಿದ್ದೀಯ ತಾನೆ? ಮೇಲೆ ಬಾರೋ ಮುದುಕಾ, ಅಜಾನ್ ಆಗ್ತಿದ್ದ ಹಾಗೆ ಹರೀರಾ ಬಿಸಿಬಿಸಿ ಕೊಡ್ತೀನಿ!"

ಇಬ್ತಿಸಾಮ್, ಮಾಲೆಮ್ ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಸುತ್ತಿಸಿದ ಮಗು. ತೊದಲು ಮಾತಿನಲ್ಲಿ ಅವರ ಹೆಂಡತಿಯಿಂದ ಕಲಿತು ಹಾಗೆ ಕರೆದದ್ದನ್ನು ಮಾಲೆಮ್ ತಿದ್ದಲೇ ಇಲ್ಲ. ಅಭ್ಯಾಸಬಲದಿಂದ ಅವರ ಮುಖ ಅರಳಿತು, ಓಗೊಡಲು ಬಾಯಿ ತೆರೆದರು. ಶಾಮಾ ಅವರ ಬಾಯಿಗೆ ಕೈ ಅಡ್ಡ ಹಿಡಿದಳು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ತನ್ನ ಕೈ ಹಿಡಿದು ಅತ್ತವಳು, ಜವಾದ್‌ನನ್ನು ಬಿಡಿಸಿ ಎಂದವಳು ಇವಳೇ ಎಂದು ಬತೂಲ್‌ಗೆ ನೆನಪಾಯಿತು. ಕೆಟ್ಟವಳಾಗಿದ್ದರೆ ಅವಳಿಗೆ ಪತ್ತೆ ಮಾಡುವವಳ ಮನೆ ಬಾಗಿಲು ತಟ್ಟುವ ಗರಜೇನಿತ್ತು? ತಾನು ಮಾಡಿದ ತಪ್ಪು ಬೇರೆಯವರ ಕೊರಳಿಗೆ ಬೀಳುವುದನ್ನು ನೋಡಲಾರದೆ ಬಂದ ಹುಡುಗಿ ಅದು. ಹಾಗೆಂದುಕೊಂಡಾಗ ಬತೂಲ್ ಮನಸ್ಸಿಗೆ ಸ್ವಲ್ಪ ಧೈರ್ಯ ಬಂತು.

ಹೊರಬಾಗಿಲಲ್ಲಿ ದಡದಡ ಸದ್ದಾಯಿತು. "ಲಲ್ಲಾ ಶಾಮಾ! ಹಸಿವಿನಿಂದ ಸಾಯ್ತಿದ್ದೀನಿ, ಬಾಗಿಲು ತೆಗೀರಿ!" ಇನ್‌ಸ್ಪೆಕ್ಟರ್ ಹಮ್ಮೂ ಎಂದಿನಂತೆ ನಗುತ್ತಲೇ ಒಳಗಿಳಿದು ಬಂದ. ಒಬ್ಬೊಬ್ಬರ ಮುಖ ನೋಡುತ್ತ ಬಂದಂತೆ ನಗು ಇಂಗಿತು. "ಏನಾಯ್ತು? ಸಿಕ್ಕಿದ್ನಾ ಕಳ್ಳ?"

ಬತೂಲ್ ಮಾತು ಹುಡುಕುತ್ತಿದ್ದಾಗಲೇ ಶಾಮಾ ಮುಂದೆ ಬಂದಳು. ಕಣ್ಣೊರೆಸಿಕೊಂಡು, ತಲೆಯ ಬಟ್ಟೆ ಸರಿಮಾಡಿಕೊಂಡು, ಗಿರಾಕಿಯ ಮುಂದೆ ನಿಲ್ಲುವಂತೆ ನೆಟ್ಟಗೆ ನಿಂತಳು.

"ಕಳ್ಳತನವೇ ಆಗಿಲ್ಲ ಹಮ್ಮೂ ಅವರೇ. ಚಿತ್ರ ಕಳಿಸೋಕೆ ಮಾಲೆಮ್‌ಗೆ ಹೇಳಿದ್ದು ನಾನೇ. ನನ್ನ ಕಫ್ತಾನು, ನನ್ನ ಚಿತ್ರ. ಹೇಳಿದ್ದು ಮರೆತುಹೋಗಿತ್ತು. ಬೇಕಾದ್ರೆ ದನಿ ಕೇಳಿ."

ಅವಳು ಮಾಲೆಮ್‌ನ ಫೋನನ್ನು ಬತೂಲ್ ಕೈಯಿಂದ ಕಿತ್ತುಕೊಂಡು ತಾನೇ ಒತ್ತಿದಳು. ಹಮ್ಮೂ ಕೊನೆಯವರೆಗೂ ಕೇಳಿದ. ಗಡ್ಡ ತುರಿಸಿಕೊಂಡ.

"ದನಿಯೇನೋ ನಿಮ್ಮದೇ. ಆದ್ರೆ ಸುಳ್ಳು ದೂರು ಕೊಟ್ಟು ಒಬ್ಬ ಅಮಾಯಕನ ಹೆಸರು ಬರೆಸಿದ್ರಲ್ಲ ಲಲ್ಲಾ, ಅದು ಚಿಕ್ಕ ತಪ್ಪಲ್ಲ. ಜವಾದ್ ಬದಲು ನೀವೇ ನನ್ನ ಜೊತೆ ಬರಬೇಕಾಗುತ್ತೆ."

"ಬರ್ತೀನಿ. ಒಂದು ಬಟ್ಟಲು ಸೂಪು ಕುಡಿದು ಹೋಗೋಣ."

"ಉಸ್ತಾದಾ," ಹಮ್ಮೂ ಬತೂಲ್ ಕಡೆ ತಿರುಗಿದ. "ನೀವು ನಮ್ಮಲ್ಲಿದ್ದವರು. ಇದು ನಿಜವಾ?"

ಮಸೀದಿಯ ಕಡೆಯಿಂದ ಅಜಾನ್ ಕೇಳಿಸತೊಡಗಿತು. ಯಾರೂ ಖರ್ಜೂರದ ಕಡೆ ಕೈ ಚಾಚಲಿಲ್ಲ. ಹೂಂ ಎಂದರೆ ಶಾಮಾ ಸೆರೆಮನೆಗೆ, ಅಲ್ಲವೆಂದರೆ ಅವಳ ಮಗಳು.

"ನಿಜ ಅಲ್ಲ."

ಹೇಳಿದವಳು ಬತೂಲ್ ಅಲ್ಲ. ಮೆಟ್ಟಿಲಿನ ಮೇಲೆ ಇಬ್ತಿಸಾಮ್ ನಿಂತಿದ್ದಳು. ಕೈಯಲ್ಲಿದ್ದ ಬಟ್ಟಲಿನಿಂದ ಹರೀರಾ ತುಳುಕಿ ಬೆರಳ ಮೇಲೆ ಸುರಿಯುತ್ತಿದ್ದರೂ ಅವಳಿಗೆ ಅರಿವಿರಲಿಲ್ಲ.

"ಸುಮ್ಮನೆ ಮೇಲೆ ಹೋಗು!" ಶಾಮಾ ಕಿರುಚಿದಳು.

"ಇಲ್ಲ ಅಮ್ಮಾ. ಆ ದನಿಗೆ ಮಾತು ಬರೆದಿದ್ದು ನಾನು." ಹುಡುಗಿ ಒಂದು ಮೆಟ್ಟಿಲು ಕೆಳಗಿಳಿದಳು, ಜವಾದ್‌ನನ್ನು ನೋಡಿದಳು, ಆಮೇಲೆ ಇನ್‌ಸ್ಪೆಕ್ಟರನ್ನು ನೇರವಾಗಿ ನೋಡಿದಳು. "ನನ್ನನ್ನ ಕರಕೊಂಡು ಹೋಗಿ, ಬೇಡ ಅನ್ನಲ್ಲ. ಆದ್ರೆ ಹೋಗೋಕೆ ಮುಂಚೆ ಎದುರು ಬೀದಿಗೆ ಬನ್ನಿ. ಚಿತ್ರ ಹೋಗೋಕೆ ಮುಂಚೆ ಹಾಜ್ ಸೆಬ್ತಿ ತನ್ನ ಫೋನಲ್ಲಿ ನನಗೆ ಏನು ತೋರಿಸಿದ ಅಂತ ಅವನನ್ನೇ ಕೇಳಿ. ಅದರಲ್ಲೂ ಅಮ್ಮನ ದನಿ ಇದೆ. ಅದು ಮಾತ್ರ ಯಂತ್ರದ್ದಲ್ಲ. ಅದನ್ನ ಊರಿಗೆಲ್ಲ ಕೇಳಿಸ್ತೀನಿ ಅಂತ ಹೆದರಿಸಿಯೇ ಅವನು ಚಿತ್ರ ಕೇಳಿದ್ದು."

ಶಾಮಾಳ ಕೈಯಿಂದ ಫೋನು ಜಾರಿ ಕೆಳಗೆ ಬಿತ್ತು.